ಬುರುಲ್ಚಾ ಅಜ್ಜಿಯ ಮೊಮ್ಮಗಳ ಹೊಟ್ಟೆನೋವು

ಎರಡು ದಿನದಿಂದ ಹೊಟ್ಟೆನೋವು, ಈಗ ಜ್ವರ ಬೇರೆ. ಆದರೂ ಏಳು ವರ್ಷದ ಅಕ್‌ಮರಾಲ್‌ಳನ್ನು ಆಸ್ಪತ್ರೆಗೆ ಕಳಿಸುವ ಮಾತೇ ಇಲ್ಲ. ಊರಿನ ನರ್ಸ್ ಗುಲ್ಸೈರಾ ಬಂದು ನೋಡಿದರೆ, ಅಜ್ಜಿ ಬುರುಲ್ಚಾ ಕುರಿಕೊಬ್ಬು ಹಚ್ಚಿ ಮಗುವಿನ ಹೊಟ್ಟೆ ತಿಕ್ಕುತ್ತಾ ಕೂತಿದ್ದಳು. ಗುಲ್ಸೈರಾಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನೋಯುವ ಹೊಟ್ಟೆ ತಿಕ್ಕಬೇಡಿ ಅಂತ ಈ ಊರಲ್ಲಿ ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು.

ಅವಳು ಹೊಟ್ಟೆಯ ಬಲಗಡೆ ಮೆಲ್ಲಗೆ ಮುಟ್ಟಿದ್ದಕ್ಕೇ ಮಗು ಕಿರುಚಿತು. ಅಪೆಂಡಿಕ್ಸ್ ಇರಬೇಕು, ಒಡೆದರೆ ಜೀವಕ್ಕೇ ಅಪಾಯ. ಗುಲ್ಸೈರಾ ನರೀನ್ ಪಟ್ಟಣದಿಂದ ಆಂಬುಲೆನ್ಸ್ ಕರೆಸಿ, ಆಪರೇಷನ್ನಿನ ಒಪ್ಪಿಗೆ ಕಾಗದವನ್ನು ಮಗುವಿನ ಅಪ್ಪನ ಮುಂದೆ ಹಿಡಿದಳು. ಅವನು ನನ್ನ ಅಮ್ಮನನ್ನು ಕೇಳಿ ಅಂತ ಬುರುಲ್ಚಾ ಕಡೆ ತೋರಿಸಿದ. ಮಗುವಿನ ತಾಯಿ ಐಜಿರೆಕ್ ಚಹಾ ಬಗ್ಗಿಸುತ್ತಾ ತಲೆಯನ್ನೇ ಎತ್ತಲಿಲ್ಲ. ಆ ಊರಿನ ರೂಢಿಯಲ್ಲಿ ಚೊಚ್ಚಲ ಮೊಮ್ಮಗು ಅಜ್ಜಿ ತಾತನ ಪಾಲು ತಾನೆ, ಸಾಕುವವರೂ ಅವರೇ. ಹೆತ್ತವಳನ್ನು ಆ ಮಗು ಹೆಸರು ಹಿಡಿದೇ ಕರೆಯುತ್ತಿತ್ತು.

"ನನ್ನ ಮಗು. ಕೊಯ್ಯೋಕೆ ಕೊಡಲ್ಲ. ಸರ್ಕಾರ ಯಾರು ಕೇಳೋಕೆ?" ಅಂದಳು ಅಜ್ಜಿ.

ಗುಲ್ಸೈರಾ ಹಲ್ಲು ಕಚ್ಚಿಕೊಂಡು ಮತ್ತೆ ಮೊದಲಿಂದ ಶುರು ಮಾಡಿದಳು. ಆಪರೇಷನ್ ಯಾಕೆ, ಅಪಾಯ ಏನು, ಬೇರೆ ದಾರಿ ಇದೆಯಾ ಅಂತ ಎಷ್ಟು ಬೇಕಾದರೂ ಕೇಳಿ, ಅದು ಹೆತ್ತವರ ಹಕ್ಕು. ಆದರೆ ಮಗುವಿನ ಜೀವ ಹೋಗುವ ಹೊತ್ತಲ್ಲಿ ಸಹಿ ಸಿಗದಿದ್ದರೆ ವೈದ್ಯರೇ ಸೇರಿ ನಿರ್ಧರಿಸಬಹುದು, ಕಾನೂನಿನಲ್ಲಿ ಅದಕ್ಕೂ ಜಾಗವಿದೆ. ಅಜ್ಜಿಯ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ನೋಡಿದ್ಯಾ, ಕಿತ್ಕೊಳ್ತಾರೆ ಅಂತ ಮಗನತ್ತ ತಿರುಗಿದಳು.

"ಅಜ್ಜಿ, ಮಗು ನಿಮ್ಮದೇ, ಇಲ್ಲ ಅಂದವರು ಯಾರು? ನೋವು ಮಾತ್ರ ಅವಳದು," ಅಂದಳು ಗುಲ್ಸೈರಾ. "ಈ ಕಾಗದ ನಿಮ್ಮ ಸಹಿ ಕೇಳೋದೇ ಇಲ್ಲ, ಹೆತ್ತವರದು ಕೇಳುತ್ತೆ. ಸುಮ್ನೆ ಎಲ್ಲರೂ ನಿಮ್ಮ ಮುಖ ನೋಡ್ಕೊಂಡು ಕೂತಿದ್ದೀವಿ."

ಐಜಿರೆಕ್ ಚಹಾ ಕೆಟಲ್ ಕೆಳಗಿಟ್ಟಳು. ಅತ್ತೆಯ ಎದುರು ಅವಳು ಇದುವರೆಗೆ ಒಂದು ಮಾತೂ ಎತ್ತಿದವಳಲ್ಲ.

"ಪೆನ್ ಕೊಡಿ ಅಕ್ಕ," ಅಂದು ಸಹಿ ಹಾಕಿದಳು. "ಅತ್ತೆ, ಬಯ್ಯೋದಿದ್ರೆ ಅವಳು ಬದುಕಿ ಬಂದ್ಮೇಲೆ ಬೈರಿ."

ಅಜ್ಜಿ ತನ್ನ ಕೋಟು ಬಿಚ್ಚಿ ಮೊಮ್ಮಗಳಿಗೆ ಸುತ್ತಿ, ಎಲ್ಲರಿಗಿಂತ ಮೊದಲು ಆಂಬುಲೆನ್ಸ್ ಹತ್ತಿ ಕೂತಳು. ಆಸ್ಪತ್ರೆಯಲ್ಲಿ ಡಾಕ್ಟರ ತಲೆ ತಿಂದು ಒಂದೊಂದನ್ನೂ ಕೇಳಿದಳು. ಅವರೂ ಕೂತು ಹೇಳಿದರು. ಅವತ್ತೇ ಆಪರೇಷನ್ ಆಯಿತು, ಅಪೆಂಡಿಕ್ಸ್ ಒಡೆಯುವುದರಲ್ಲಿತ್ತಂತೆ.

ಅಕ್‌ಮರಾಲ್ ಈಗ ಶಾಲೆಗೆ ಹೋಗುತ್ತಾಳೆ. ಅವಳನ್ನು ಹೊತ್ತಿಗೆ ಸರಿಯಾಗಿ ಕರೆದೊಯ್ದದ್ದು ತಾನೇ ಅಂತ ಅಜ್ಜಿ ಊರೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ. ಹೇಳಿಕೊಳ್ಳಲಿ ಅಂತ ಗುಲ್ಸೈರಾ ಸುಮ್ಮನಿದ್ದಾಳೆ.

ಇದನ್ನು ಕೇಳುತ್ತಿರುವ ಅಪ್ಪ ಅಮ್ಮಂದಿರೇ, ಅಜ್ಜಿಯಂದಿರೇ, ನೋಯುವ ಹೊಟ್ಟೆ ತಿಕ್ಕಬೇಡಿ. ಡಾಕ್ಟರನ್ನು ಪ್ರಶ್ನೆ ಕೇಳಿ, ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ, ಬೇಕಾದರೆ ಜಗಳವನ್ನೂ ಆಡಿ. ಆದರೆ ಮೊದಲು ಮಗುವನ್ನು ಗಾಡಿ ಹತ್ತಿಸಿ, ಜಗಳ ದಾರಿಯುದ್ದಕ್ಕೂ ಆಡಬಹುದು.