ತೊಗರಿ ತುಂಬಿದ ಅಂಗನವಾಡಿ

ಮೋರಟಗಿ ದಾಟಿ ಒಳರಸ್ತೆ ಹಿಡಿದರೆ ಸಿಗುವ ಆ ಊರಿನಲ್ಲಿ ಚನ್ನಬಸಯ್ಯನಷ್ಟು ಹೊಲ ಇದ್ದವರು ಮತ್ತೊಬ್ಬರಿಲ್ಲ. ಜಂಗಮರಾದ ಅಯ್ನಾರ ಮನೆತನ, ಪಂಚಾಯಿತಿಯಲ್ಲೂ ಅವನ ಮಾತೇ ಕೊನೆಯ ಮಾತು. ಅಂಗನವಾಡಿ ಕಟ್ಟಡಕ್ಕೆ ಜಾಗ ದಾನ ಕೊಟ್ಟವನೂ ಅವನೇ. ಗೋಡೆಯ ಮೇಲೆ ಬರೆದ ಗಿಳಿ, ಮಾವಿನಹಣ್ಣುಗಳ ಬಣ್ಣ ಒಣಗುವ ಮೊದಲೇ ಬಾಗಿಲಿಗೆ ತನ್ನ ಕೀಲಿ ಜಡಿದು, ಒಳಗೆ ಸೂರಿನವರೆಗೆ ತೊಗರಿ ಚೀಲ ಒಟ್ಟಿಸಿದವನೂ ಅವನೇ. ರೇಟು ಏರುವವರೆಗೆ ತೊಗರಿ ಅಲ್ಲಿರಬೇಕು. ಅಲ್ಲಿಯವರೆಗೆ ಊರ ಮಕ್ಕಳು ಹನಮಪ್ಪನ ಗುಡಿಯ ಪೌಳಿಯಲ್ಲಿ ಕೂರಬೇಕು. ಇದರಲ್ಲಿ ಅವನಿಗೆ ತಪ್ಪೇನೂ ಕಾಣಲಿಲ್ಲ.

ಅವನ ಮೊಮ್ಮಗ ಅಮಿತನಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಕೊರಳಿಗೆ ಟೈ, ಬೆನ್ನಿಗೆ ತನಗಿಂತ ದಪ್ಪನೆಯ ಚೀಲ ಕಟ್ಟಿಕೊಂಡು ಹುಡುಗ ದಿನಾ ಸಿಂದಗಿಯ ನರ್ಸರಿಗೆ ವ್ಯಾನಿನಲ್ಲಿ ಹೋಗುತ್ತಿದ್ದ. ದಾರಿಯಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ. ಅವನ ತಾಯಿ ರಾಜೇಶ್ವರಿ ಬಸವನ ಬಾಗೇವಾಡಿಯ ಕಡೆಯವಳು, ಟೀಚರ್ ಆಗಲು ಓದಿದವಳು. ಮಗ ಇಷ್ಟು ಸಣ್ಣವನಿರುವಾಗ ಊರಲ್ಲೇ ಕಳಿಸೋಣವೇ ಎಂದು ಒಮ್ಮೆ ಕೇಳಿದ್ದಕ್ಕೆ ಮಾವ ನಕ್ಕುಬಿಟ್ಟ.

"ಅಲ್ಲಿ ಯಾರ ಮಕ್ಕಳು ಬರ್ತಾವು? ಕುರಿ ಕಾಯವ್ರವು, ಕೂಲಿ ಹೋಗವ್ರವು. ಅಯ್ನಾರ ಮನಿ ಕೂಸು ಅವರ ನಡುವ ಕುಂತು ತತ್ತಿ ತಿಂದು ಬರಬೇಕೇನು?"

ಗಂಡ ಸಂಜೀವಕುಮಾರ ಮೊಬೈಲಿನಿಂದ ತಲೆ ಎತ್ತಲಿಲ್ಲ. ಅಪ್ಪ ಮಾತಾಡುವಾಗ ಅವನಿಗೆ ಯಾವಾಗಲೂ ಮೊಬೈಲಿನಲ್ಲಿ ಏನೋ ಜರೂರಿ ಕೆಲಸ ಇರುತ್ತಿತ್ತು.

ಒಂದು ಮಧ್ಯಾಹ್ನ ನರ್ಸರಿಯಿಂದ ಫೋನು ಬಂತು. ನಿಮ್ಮ ಹುಡುಗನದು ಸ್ವಲ್ಪ ಪ್ರಾಬ್ಲಮ್ ಐತಿ, ಬಂದು ಹೋಗಿ ಎಂದರು. ರಾಜೇಶ್ವರಿ ಬಸ್ಸು ಹಿಡಿದು ಹೋದಳು. ಹೊರಗೆ ನವಿಲುಬಣ್ಣದ ಕಮಾನು, ನಗುವ ಕರಡಿಯ ಚಿತ್ರ. ಒಳಗೆ ತಗಡಿನ ಪತ್ರಾ ಹೊದಿಸಿದ ಒಂದೇ ಉದ್ದ ಖೋಲಿ. ಬಿಸಿಲಿಗೆ ಕಾದು ಒಲೆಯಂತಾಗಿತ್ತು. ಮಕ್ಕಳು ತುಟಿಯ ಮೇಲೆ ಬೆರಳಿಟ್ಟುಕೊಂಡು ಸಾಲಾಗಿ ಕುಳಿತಿದ್ದವು. ಅಮಿತ ಮೂಲೆಯಲ್ಲಿ ನಿಂತಿದ್ದ. ಚಡ್ಡಿ ಒದ್ದೆಯಾಗಿ, ಒಣಗಿ, ತೊಡೆಗೆ ಅಂಟಿಕೊಂಡಿತ್ತು. ತಾಯಿಯನ್ನು ಕಂಡರೂ ಅವನು ತುಟಿಯ ಮೇಲಿನ ಬೆರಳು ತೆಗೆಯಲಿಲ್ಲ.

"ಹುಡುಗ ಸ್ಲೋ ಇದ್ದಾನ್ರಿ," ಎಂದಳು ನರ್ಸರಿಯ ಮೇಡಮ್ಮು. "ಮನಿಯಾಗ ನೀವು ಇಂಗ್ಲಿಷ್ ಮಾತಾಡಬೇಕು."

"ಇವ ಹೊರಗ ಹೋಗ್ತೇನಿ ಅಂತ ಕೇಳಲಿಲ್ಲೇನ್ರಿ?"

"ಕೇಳಿದ. ಕನ್ನಡದಾಗ ಕೇಳಿದ. ಕನ್ನಡದಾಗ ಕೇಳಿದ್ರ ನಾವು ಉತ್ತರ ಕೊಡಂಗಿಲ್ರಿ. ಅದು ನಮ್ಮ ರೂಲ್."

ರಾಜೇಶ್ವರಿ ಆ ಹೆಂಗಸಿನ ಮುಖ ನೋಡಿದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಟ್ಟೆಯಲ್ಲಿ ಬಿದ್ದ ಹುಳ ನೋಡಿದಾಗ ಆಗುವಂಥ ಅಸಹ್ಯವಷ್ಟೇ ಆಯಿತು. ಅಲ್ಲೇ ಮಗನ ಕೊರಳಿನ ಟೈ ಬಿಚ್ಚಿ ಮೇಜಿನ ಮೇಲಿಟ್ಟಳು.

"ನಿಮ್ಮ ರೂಲ್ ನಿಮ್ಮ ಕಡೇನ ಇರಲಿ," ಎಂದು ಹುಡುಗನನ್ನು ಎತ್ತಿಕೊಂಡು ಹೊರಟಳು.

ಮರುದಿನ ಯಾರನ್ನೂ ಕೇಳದೆ ಅಮಿತನ ಕೈ ಹಿಡಿದು ಗುಡಿಯ ಪೌಳಿಗೆ ಬಂದಳು. ಅವತ್ತು ಶನಿವಾರ. ಹನಮಪ್ಪನಿಗೆ ಎಣ್ಣೆ ಹಾಕಲು ಬಂದವರು ಮಕ್ಕಳನ್ನು ದಾಟಿಕೊಂಡೇ ಓಡಾಡುತ್ತಿದ್ದರು. ಅಂಗನವಾಡಿ ಟೀಚರ್ ಗುಲನಾಜ ಒಂದು ಕೈಯಲ್ಲಿ ಮಗುವೊಂದನ್ನು ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲು ಎತ್ತಿ ಅದರ ಮುಖದ ಫೋಟೊ ತೆಗೆಯುತ್ತಿದ್ದಳು. ಫೋಟೊ ಮೇಲಿನ ಕಚೇರಿಗೆ ಹೋಗದಿದ್ದರೆ ಊಟ ಕೊಟ್ಟದ್ದಕ್ಕೆ ಸಾಕ್ಷಿ ಇಲ್ಲ, ನೆಟ್‌ವರ್ಕು ಇರಲಿಲ್ಲ. ಮಕ್ಕಳು ಅರ್ಧ ಹಾಡು ಹಾಡಿ ಮುಂದಿನದಕ್ಕಾಗಿ ಅವಳ ಮುಖ ನೋಡುತ್ತಿದ್ದವು.

"ಅಕ್ಕಾರ, ಅಯ್ನಾರಿಗೆ ಗೊತ್ತೈತೇನ್ರಿ?" ಎಂದು ಗುಲನಾಜ ಹೆದರಿ ಕೇಳಿದಳು.

"ಗೊತ್ತಾಗ್ತೈತಿ ಬಿಡ್ರಿ. ಹೊಸಾ ಕಟ್ಟಡ ಇದ್ದು ಇಲ್ಲ್ಯಾಕ ಕುಂತೀರಿ?"

ಗುಲನಾಜ ಮತ್ತೆ ಮೊಬೈಲು ಎತ್ತಿ ನೆಟ್ವರ್ಕು ಹುಡುಕಿದಳು. ಸಹಾಯಕಿ ತಿಪ್ಪವ್ವ ಸಾರು ತಿರುವುತ್ತಲೇ ಹೇಳಿದಳು: "ಕೀಲಿ ನಿಮ್ಮ ಮನಿಯಾಗ ಐತೆವ್ವ. ನಮ್ಮನ್ನೇನು ಕೇಳ್ತಿ?"

ರಾಜೇಶ್ವರಿಗೆ ನಾಚಿಕೆಯಾಯಿತು. ಆ ಕಟ್ಟಡದ ಮುಂದೆ ದಿನಾ ಓಡಾಡುತ್ತಿದ್ದರೂ ಉದ್ಘಾಟನೆ ಆಗದ್ದಕ್ಕೇ ಅದನ್ನು ಮುಚ್ಚಿಟ್ಟಿದ್ದಾರೆಂದು ಅವಳು ತಿಳಿದಿದ್ದಳು.

ಸೋಮವಾರ ಮೊದಲು ಪಂಚಾಯಿತಿಗೆ ಹೋದಳು. ಕಟ್ಟಿಸುವುದಷ್ಟೇ ನಮ್ಮ ಕೆಲಸ, ಅಂಗನವಾಡಿ ಇಲಾಖೆಯವರು ಬಂದು ವಶಕ್ಕೆ ತೆಗೆದುಕೊಳ್ಳಲಿ ಎಂದರು. ಸಿಂದಗಿಯಲ್ಲಿ ಇಲಾಖೆಯವರನ್ನು ಕೇಳಿದಳು. ಪಂಚಾಯಿತಿಯವರು ಒಪ್ಪಿಸದೆ ನಾವು ಹೇಗೆ ತೆಗೆದುಕೊಳ್ಳೋಣ ಎಂದರು. ಸರ್ಕಾರಿ ಸಾಲಿಯ ಮಾಸ್ತರರಿಗೆ ಬೇರೆಯೇ ಚಿಂತೆ: ಮುಂದಿನ ವರ್ಷ ಎಲ್‌ಕೆಜಿ ನಮ್ಮಲ್ಲೇ ಶುರುವಾಗುತ್ತದೆ, ನಾಲ್ಕು ತುಂಬಿದವರನ್ನು ಅಂಗನವಾಡಿಯವರು ನಮಗೆ ಬಿಟ್ಟುಕೊಡಲಿ. ಕೂಸನ್ನು ತೂಗುವವರು ಒಬ್ಬರು, ಉಣಿಸುವವರು ಒಬ್ಬರು, ಗೋಡೆ ಕಟ್ಟುವವರು ಮತ್ತೊಬ್ಬರು. ಕಲಿಸುವವರು ಯಾರೆಂಬುದು ಇನ್ನೂ ಮೀಟಿಂಗಿನಲ್ಲಿತ್ತು. ಎಲ್ಲರೂ ಅವಳಿಗೆ ಕುರ್ಚಿ ಕೊಟ್ಟರು, ಚಹಾ ತರಿಸಿದರು, ಅಯ್ನಾರ ಸೊಸೆ ಎಂದು ಕೈ ಮುಗಿದರು. ಅಷ್ಟು ಜನರಲ್ಲಿ ಒಬ್ಬನೂ ಚನ್ನಬಸಯ್ಯನ ಹೆಸರೆತ್ತಲಿಲ್ಲ.

ರಾತ್ರಿ ಮಾವ ಊಟಕ್ಕೆ ಕುಳಿತಾಗ ಅವಳೇ ಮಾತೆತ್ತಿದಳು.

"ಮಾವಾರ, ಅಂಗನವಾಡಿ ಕೀಲಿ ಕೊಡ್ರಿ."

"ಯಾಕ?"

"ಮಕ್ಕಳು ಗುಡಿಯಾಗ ಕುಂದರ್ತಾವು. ನಮ್ಮ ಅಮಿತನೂ ಅಲ್ಲೇ ಕುಂದರ್ತಾನ."

ಚನ್ನಬಸಯ್ಯ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಬಾಗೇವಾಡಿಯಿಂದ ಸಾಲಿ ಕಲ್ತು ಬಂದಾಳ, ನನಗ ಪಾಠ ಹೇಳಾಕತ್ತಾಳ. ಜಾಗಾ ಯಾರದು? ನಂದು. ದಾನ ಕೊಟ್ಟಾವ ನಾನು."

"ದಾನ ಕೊಟ್ಟಮ್ಯಾಗ ನಿಮ್ಮದು ಹೆಂಗಾಗ್ತೈತ್ರಿ?"

"ಸಂಜೂ, ನಿನ್ನ ಹೇಣ್ತಿಗೆ ಹೇಳೋ."

ಸಂಜೀವಕುಮಾರ ಪಲ್ಯ ನೋಡುತ್ತಾ, "ತೊಗರಿ ಮಾರಿದ ಮ್ಯಾಲ ಖಾಲಿ ಆಗ್ತದಲ್ಲ, ತಡಿ," ಎಂದ. ಅವನನ್ನು ನೋಡುವುದಕ್ಕೂ ಅವಳಿಗೆ ಮನಸ್ಸಾಗಲಿಲ್ಲ. ಅಪ್ಪನಲ್ಲಿ ಸೊಕ್ಕಾದರೂ ಇತ್ತು. ಇವನಲ್ಲಿ ಅದೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಅಡಿಗೆ ಮುಗಿಸಿ, ಕೊಟ್ಟಿಗೆಯ ಮೂಲೆಯಲ್ಲಿದ್ದ ಕಬ್ಬಿಣದ ಹಾರಿ ತೆಗೆದುಕೊಂಡು ಹೊರಟಳು. ದಾರಿಯಲ್ಲಿ ತಿಪ್ಪವ್ವ ಜೊತೆಯಾದಳು, ಅವಳ ಹಿಂದೆ ಕೂಲಿಗೆ ಹೊರಟಿದ್ದ ತಾಯಂದಿರು. ಅಂಗನವಾಡಿ ಬಾಗಿಲಿನ ಕೀಲಿ ಎರಡೇ ಏಟಿಗೆ ಮುರಿಯಿತು. ಒಳಗೆ ಇಲಿ ಓಡಾಡಿದವು. ಗೋಡೆಯ ಗಿಳಿ ಚೀಲಗಳ ಹಿಂದೆ ಅರ್ಧ ಮುಚ್ಚಿಹೋಗಿತ್ತು.

"ಅಯ್ನಾರ ಚೀಲ ಹೊರೂದು ನಮಗೇನು ಹೊಸದಾ?" ಎಂದು ತಿಪ್ಪವ್ವ ಮೊದಲ ಚೀಲಕ್ಕೆ ಬೆನ್ನು ಕೊಟ್ಟಳು. ಒಂದೊಂದಾಗಿ ತೊಗರಿ ಹೊರಗೆ ಬಂದು ಬಿಸಿಲಿಗೆ ಬಿತ್ತು.

ಚನ್ನಬಸಯ್ಯ ಓಡೋಡಿ ಬಂದ. ಧೋತರದ ಚುಂಗು ಕೈಯಲ್ಲಿತ್ತು, ಬಾಯಿ ಬೈಗುಳಕ್ಕೆ ತೆರೆದಿತ್ತು. ಆದರೆ ಅಷ್ಟರಲ್ಲಿ ಊರೇ ನೆರೆದಿತ್ತು; ಯಾರೋ ಹುಡುಗರು ಮೊಬೈಲು ಹಿಡಿದು ನಿಂತಿದ್ದರು. ಅವನು ಆ ಮೊಬೈಲುಗಳನ್ನೂ, ಹಾರಿ ಹಿಡಿದು ನಿಂತ ಸೊಸೆಯನ್ನೂ ನೋಡಿದ. ಬಾಯಿ ಹಾಗೆಯೇ ನಗುವಿಗೆ ತಿರುಗಿತು.

"ಸಾವಕಾಶ ಇಡ್ರೆವ್ವ, ಚೀಲ ಹರದಾವು," ಎಂದ. ಆಮೇಲೆ ಜನರ ಕಡೆ ತಿರುಗಿ ಸೇರಿಸಿದ: "ನಾನ ಹೇಳಿ ಕಳಿಸಿದ್ನಿ. ಕೂಸುಗಳಿಗೆ ತ್ರಾಸಾಗಬಾರ್ದು ನೋಡ್ರಿ."

ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಹೌದ್ರಿ, ಹೌದ್ರಿ ಎಂದರು.

ಅಮಿತ ಆ ಕೋಣೆಯಲ್ಲಿ ತಿಪ್ಪವ್ವನ ಮೊಮ್ಮಗ ಸಂಗುವಿನ ಪಕ್ಕ ಕೂರತೊಡಗಿದ. ಮೊದಲ ವಾರವೇ ನಾಲ್ಕು ಹಾಡು, ಎರಡು ಬೈಗುಳ ಕಲಿತು ಬಂದ. ಮೊಟ್ಟೆ ತಿನ್ನದ ಮನೆಯವನೆಂದು ತತ್ತಿಯ ಬದಲಿಗೆ ಗುಲನಾಜ ಅವನಿಗೆ ಬಾಳೆಹಣ್ಣು ಕೊಡುತ್ತಿದ್ದಳು; ಅದನ್ನು ಸಂಗು ಕಸಿದುಕೊಳ್ಳುತ್ತಿದ್ದ, ಇವನು ಊರಿಗೆ ಕೇಳುವಂತೆ ಜಗಳವಾಡುತ್ತಿದ್ದ. ರಾಜೇಶ್ವರಿಗೆ ಅಷ್ಟು ಸಾಕಾಗಿತ್ತು.

ಮಾವನಿಗೆ ಸಾಕಾಗಲಿಲ್ಲ. ತಿಂಗಳೊಳಗೆ ಉದ್ಘಾಟನೆ ಇಟ್ಟುಕೊಂಡ. ಇಷ್ಟು ದಿನ ಒಬ್ಬರನ್ನೊಬ್ಬರು ತೋರಿಸುತ್ತಿದ್ದ ಎಲ್ಲ ಕಚೇರಿಯವರೂ ಒಂದೇ ವೇದಿಕೆಯ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಕುಳಿತರು. ಮುಖ್ಯ ಅತಿಥಿ ಬರುವವರೆಗೆ ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ್ದರು, ಕೈಯಲ್ಲಿ ಹೂವು ಕೊಟ್ಟು. ಚನ್ನಬಸಯ್ಯನಿಗೆ ಶಾಲು ಹೊದಿಸಿ ಹಾರ ಹಾಕಿದರು. ಬಡವರ ಮಕ್ಕಳೇ ನನ್ನ ದೇವರು ಎಂದು ಅವನು ಎದೆಯ ಮೇಲೆ ಕೈ ಇಟ್ಟು ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ಸೊಸೆಯನ್ನು ಮೇಲೆ ಕರೆದರು, ಅವಳು ಹೋಗಲಿಲ್ಲ. ಸಾಲಿನಲ್ಲಿ ತಲೆ ಸುತ್ತಿ ಕುಳಿತ ಹುಡುಗಿಗೆ ನೀರು ಕುಡಿಸುತ್ತಿದ್ದಳು.

ಸಂಜೆ ಚನ್ನಬಸಯ್ಯ ಶಾಲು ಹೊದ್ದುಕೊಂಡೇ ಊಟಕ್ಕೆ ಕುಳಿತ.

"ಭಾಳ ಚಂದ ಆತು ಕಾರ್ಯಕ್ರಮ," ಎಂದ ಸೊಸೆಗೆ. "ನಿನ್ನ ಹೆಸರೂ ಹೇಳಿದ್ನಿ, ಕೇಳಿದಿಲ್ಲೋ?"

"ಕೇಳಿದ್ನಿರಿ. ಎಲ್ಲಾರೂ ಚಪ್ಪಾಳಿ ಹೊಡದ್ರು, ನಾ ಹೊಡೀಲಿಲ್ಲ. ಅದನ್ನ ನೀವು ನೋಡಿದ್ರೇನು?"

ಚನ್ನಬಸಯ್ಯ ತಲೆ ಎತ್ತಲಿಲ್ಲ. "ನೋಡ್ಯೇನಿ," ಎಂದ.

ಅವಳು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು.