ಮುಕ್ಕಾಲು ಲೀಟರ್

ಅಯ್ಯನವರು ಕೊಟ್ಟ ಪಾದೋದಕದ ಚಮಚವನ್ನು ಬಸವರಾಜೇಶ್ವರಿ ಗಂಡನ ತುಟಿಯ ಹತ್ತಿರ ಒಯ್ಯುವಷ್ಟರಲ್ಲಿ ಹಿಂದಿನಿಂದ ಬಂದ ಕೈಯೊಂದು ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು. ಚಮಚ ಅಲುಗಿ ನೀರು ಶಿವಯೋಗಿಯ ಎದೆಯ ವಿಭೂತಿಯ ಮೇಲೆ ಚೆಲ್ಲಿತು.

"ಈಗ ಕುಡಿಸ್ತೀಯಾ? ಉಸಿರಿದ್ದಾಗ ಒಂದು ಲೋಟ ಕೊಡ್ಲಿಲ್ಲ, ಈಗ ಚಮಚದಲ್ಲಿ ಕುಡಿಸ್ತೀಯಾ?"

ಮಹಾಂತಮ್ಮ, ಶಿವಯೋಗಿಯ ಅಕ್ಕ. ಭದ್ರಾವತಿಯ ಓಲ್ಡ್ ಟೌನಿನಿಂದ ಆಗಷ್ಟೇ ಬಂದಿಳಿದವಳು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದ್ದಳು. ತಾಯಿ ಸತ್ತಾಗ ಆರು ವರ್ಷದವನಾಗಿದ್ದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ.

ರಾಗಿಗುಡ್ಡದ ಆ ಬಾಡಿಗೆ ಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣದ ಸುತ್ತಲಿನ ಅಳು ಒಮ್ಮೆಲೇ ನಿಂತಿತು.

"ಅಕ್ಕಾ, ಜನ ಇದಾರೆ," ಎಂದ ತ್ರಿವಿಕ್ರಮ. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಶಿವಯೋಗಿಯ ಪಕ್ಕದ ಲೇತಿನಲ್ಲಿ ಹದಿನೈದು ವರ್ಷ ದುಡಿದವನು.

"ಇರ್ಲಿ ಬಿಡಪ್ಪ, ಕೇಳ್ಲಿ. ಮೂರು ವರ್ಷ ನನ್ನ ತಮ್ಮನ್ನ ಬಾಯಾರಿಸಿ ಬಾಯಾರಿಸಿ ಸಾಯಿಸಿದ್ಲು. ಅವನು ಬಗ್ಗಿಸಿಕೊಂಡುಬಿಡ್ತಾನೆ ಅಂತ ನೀರಿನ ಕೊಡಾನ ಕಪಾಟಲ್ಲಿಟ್ಟು ಬೀಗ ಹಾಕ್ತಿದ್ಲು ಮಾರಾಯ!"

ಮೂಲೆಯಲ್ಲಿದ್ದ ಮಗಳು ತನುಜಾ ಧಡಕ್ಕನೆ ಎದ್ದಳು. ಹದಿನೇಳು ವರ್ಷದವಳು. "ಅತ್ತೆ, ಭಾನುವಾರ ನೀವು..."

ಬಸವರಾಜೇಶ್ವರಿ ಮಗಳ ತೋಳು ಹಿಡಿದು ಕೆಳಕ್ಕೆಳೆದಳು.

"ಸುಮ್ನಿರು ತನು."

"ಅಮ್ಮಾ, ಇಷ್ಟೆಲ್ಲ ಅಂದ್ರೂ..."

"ಸುಮ್ನಿರು ಅಂದೆ."

ಅಯ್ಯನವರು ಯಾರ ಮುಖವನ್ನೂ ನೋಡದೆ ಇನ್ನೊಂದು ಚಮಚ ತುಂಬಿಸಿ ತಾವೇ ತುಟಿಗೆ ಮುಟ್ಟಿಸಿದರು.

*

ಶಿವಯೋಗಿಯ ಎರಡೂ ಕಿಡ್ನಿ ಕೆಟ್ಟಿವೆ ಎಂದು ಗೊತ್ತಾದ ವರ್ಷ, 2001ರಲ್ಲಿ, ಡಾಕ್ಟರು ಮನೆಯವರನ್ನೆಲ್ಲ ಕರೆಸಿದ್ದರು.

"ಬರೀ ಇವರಿಗೆ ಹೇಳಿ ಪ್ರಯೋಜನ ಇಲ್ಲ. ಮನೆಯವರೆಲ್ಲ ಕೈ ಜೋಡಿಸಿದ್ರೆ ಮಾತ್ರ ಇದು ನಡೆಯುತ್ತೆ. ವಾರಕ್ಕೆರಡು ಸಲ ಡಯಾಲಿಸಿಸ್. ನೀರು ದಿನಕ್ಕೆ ಮುಕ್ಕಾಲು ಲೀಟರ್ ಮಾತ್ರ, ಕಾಫಿ, ಸಾರು, ಮಜ್ಜಿಗೆ ಎಲ್ಲಾ ಸೇರಿ. ಇನ್ನು ಎಳನೀರು. ನಮಗೆ ಒಳ್ಳೇದು, ಇವರಿಗೆ ವಿಷ. ಹೃದಯ ನಿಂತುಹೋಗಬಹುದು."

ತನುಜಾ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಇವನ ಎದುರಿಗೆ ಟೀ ಕುಡಿಯಲಾರೆ ಎಂದು ತ್ರಿವಿಕ್ರಮ ವರ್ಕ್‌ಶಾಪಿನ ಹತ್ತು ಗಂಟೆಯ ಟೀ ಬಿಟ್ಟ. ಮಹಾಂತಮ್ಮ ಮಾತ್ರ ಹೊರಗಿನ ಬೆಂಚಿನಿಂದ ಏಳಲಿಲ್ಲ. ನೀರು ಕೊಡಬೇಡಿ ಅನ್ನುವ ಡಾಕ್ಟರ ಮುಖ ನೋಡಲ್ಲ ಎಂದಳು. ಹೊರಗೆ ಬಂದ ಬಸವರಾಜೇಶ್ವರಿ, "ಅಕ್ಕ, ಏನೇನು ಕೊಡಬಾರದು ಅಂದ್ರೆ..." ಎಂದು ಶುರು ಮಾಡುವಷ್ಟರಲ್ಲಿ ಅವಳು ಸರಸರನೆ ಮೆಟ್ಟಿಲಿಳಿದು ಹೋಗಿದ್ದಳು. ಆಮೇಲೆ ಇನ್ನೊಂದು ದಿನ ಕೂತು ಹೇಳಬಹುದಿತ್ತು. ಬಸವರಾಜೇಶ್ವರಿಗೂ ಹಟ ಬಂತು. ಹೇಳಲಿಲ್ಲ.

ಮೂರು ವರ್ಷ ಹೇಗೋ ನಡೆಯಿತು. ಶಿವಯೋಗಿ ಬಾಯಲ್ಲಿ ಲವಂಗ ಇಟ್ಟುಕೊಂಡು ಲೇತಿನ ಮುಂದೆ ನಿಂತ. ಮನೆಯಲ್ಲಿ ಸಾರು ಮುದ್ದೆಯಷ್ಟು ಗಟ್ಟಿಯಾಯಿತು. ಅವನು ತಾನೇ ನೀರನ್ನು ಅಳೆದು ತಾನೇ ನಗುತ್ತಿದ್ದ ದಿನಗಳೂ ಇದ್ದವು. ಆದರೆ ಈ ಏಪ್ರಿಲ್ಲಿನ ಬಿಸಿಲು ಅವನನ್ನು ಬಗ್ಗಿಸಿತು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ಅರ್ಧ ಪಾಲು ಮುಗಿದಿತ್ತು.

"ಇನ್ನರ್ಧ ಲೋಟ ಕೊಡು ರಾಜಿ."

"ಇಲ್ಲ."

"ಗಂಟಲು ಉರೀತಿದೆ ಕಣೆ."

"ಇಲ್ಲ ಅಂದ್ನಲ್ಲ."

ಅವನು ಲೋಟವನ್ನು ಗೋಡೆಗೆ ಎಸೆದ. "ನೀನು ಹೆಂಡ್ತಿ ಅಲ್ಲ, ಜೈಲಿನ ವಾರ್ಡರು."

"ಅಷ್ಟು ಆಸೆ ಇದ್ರೆ ನಿಮ್ಮಕ್ಕನ ಮನೆಗೇ ಹೋಗಿ. ಅಲ್ಲಿ ಕೊಡದಲ್ಲಿ ಸುರೀತಾರೆ."

ಅವನು ಅಂಗಿ ಹಾಕಿಕೊಂಡು ಹೋಗೇಬಿಟ್ಟ.

ಸಂಜೆ ಬಸ್ಸಿಳಿದು ಬಂದವನ ತುಟಿ ನೋಡಿದಾಗಲೇ ಅವಳಿಗೆ ತಿಳಿಯಿತು. ಎಷ್ಟೋ ದಿನದ ಮೇಲೆ ತುಟಿ ಒಡೆದಿರಲಿಲ್ಲ.

"ಅಕ್ಕ ಎರಡು ಎಳನೀರು ಕೊಟ್ಲು. ಬೇಡ ಅನ್ನಕ್ಕೆ ಆಗ್ಲಿಲ್ಲ," ಎಂದ ತಲೆ ತಗ್ಗಿಸಿ. "ಅವಳನ್ನ ಏನೂ ಕೇಳಬೇಡ. ಮಂಗಳವಾರ ಡಯಾಲಿಸಿಸ್ ಇದೆಯಲ್ಲ, ತೊಳೆದುಹೋಗುತ್ತೆ."

ಆಗಲೇ ಆಸ್ಪತ್ರೆಗೆ ಹೊರಡಬೇಕಿತ್ತು. ಬೆಳಗ್ಗಿನ ಮಾತು ಅವಳ ಬಾಯಿ ಕಟ್ಟಿತ್ತು. ಸೋಮವಾರ ಬೆಳಿಗ್ಗೆ ಅವನಿಗೆ ಕಾಲು ಎತ್ತಲಾಗಲಿಲ್ಲ. ತ್ರಿವಿಕ್ರಮ ಓಡಿಬಂದು ಆಸ್ಪತ್ರೆಗೆ ಒಯ್ದ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು.

*

ಮಂಗಳವಾರ ಮಧ್ಯಾಹ್ನ ಗುಂಡಿಯ ಸುತ್ತ ಮಣ್ಣು ಹಾಕಲು ಜನ ನಿಂತಿದ್ದರು. ಪಕ್ಕದ ಮನೆಯ ಭೈರಪ್ಪ ಮೆಲ್ಲಗೆ ಕೇಳಿದ, "ಶನಿವಾರ ನನ್ನ ಜೊತೆ ಚೆನ್ನಾಗೇ ಮಾತಾಡಿದ್ನಲ್ಲಪ್ಪ, ಇದ್ದಕ್ಕಿದ್ದಂಗೆ ಏನಾಯ್ತು?"

ತ್ರಿವಿಕ್ರಮನಿಗೆ ಬೆಳಗಿನ ಸಿಟ್ಟು ಇನ್ನೂ ಆರಿರಲಿಲ್ಲ. ಮಹಾಂತಮ್ಮನಿಗೆ ಕೇಳಲಿ ಎಂದೇ ಜೋರಾಗಿ ಹೇಳಿದ.

"ರಕ್ತದಲ್ಲಿ ಏನೋ ಏರಿ ಹೃದಯ ನಿಂತೋಯ್ತಂತೆ. ಎಳನೀರು ಕುಡಿದಿದ್ರಾ, ಎಳನೀರು ಕುಡಿದಿದ್ರಾ ಅಂತ ಡಾಕ್ಟರ್ ಮೂರು ಸಲ ಕೇಳಿದ್ರು. ಎಲ್ಲಿಂದ ಕುಡೀತಾನೆ? ಅದು ವಿಷ ಅಂತ ಇವರು ಮೂರು ವರ್ಷದಿಂದ ಮನೆಯೊಳಗೇ ತಂದಿಲ್ಲ. ಈ ಹೆಂಗಸು ಕಾದಿದ್ದಕ್ಕೆ ಅವನು ಇಷ್ಟು ದಿನ ಬದುಕಿದ್ದು."

ಹಿಡಿ ಮಣ್ಣು ಎತ್ತಿದ್ದ ಮಹಾಂತಮ್ಮನ ಕೈ ಅಲ್ಲೇ ನಿಂತಿತು. ಅವಳು ಗುಂಡಿಯಾಚೆ ನಿಂತಿದ್ದ ತಮ್ಮನ ಹೆಂಡತಿಯ ಕಡೆ ನೋಡಿದಳು. ಬಸವರಾಜೇಶ್ವರಿ ಮುಖ ತಿರುಗಿಸಿದಳು. ಹಿಂದಿದ್ದವರು, "ಹಾಕಮ್ಮ, ಹಾಕು," ಎಂದರು. ಬೆರಳು ಬಿಡಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

*

ಮನೆಗೆ ಬಂದ ಮೇಲೆ ಒಬ್ಬೊಬ್ಬರಾಗಿ ಸ್ನಾನಕ್ಕೆ ಹೋದರು. ಕೊನೆಗೆ ಬಸವರಾಜೇಶ್ವರಿ ಸೀರೆಯುಟ್ಟೇ ಬಚ್ಚಲ ಕಲ್ಲಿನ ಮೇಲೆ ಕೂತಳು. ಅವಳ ತಲೆಗೆ ನೀರು ಹಾಕಲು ಎದ್ದ ಹೆಂಗಸರನ್ನು ಸರಿಸಿ ಮಹಾಂತಮ್ಮ ಒಳಗೆ ಬಂದು ಚಿಲಕ ಹಾಕಿದಳು.

"ಅಮ್ಮಾ!" ತನುಜಾ ಹೊರಗಿನಿಂದ ಬಾಗಿಲು ಬಡಿದಳು.

"ಏನಿಲ್ಲ ಕಣೇ. ಹೋಗು," ಎಂದಳು ಬಸವರಾಜೇಶ್ವರಿ.

ಮಹಾಂತಮ್ಮ ಹಂಡೆಯ ಅಂಚು ಹಿಡಿದು ನಿಂತಿದ್ದಳು. "ನಿಜ ಹೇಳು. ಎಳನೀರಿಂದನಾ?"

ಬಸವರಾಜೇಶ್ವರಿ ತಲೆ ತಗ್ಗಿಸಿ ಮುಡಿ ಬಿಚ್ಚಿದಳು.

"ನನಗ್ಯಾಕೆ ಹೇಳ್ಲಿಲ್ಲ ನೀನು?"

"ಆವತ್ತು ಹೇಳಕ್ಕೆ ಬಂದೆ. ನೀವು ಹೊರಟುಹೋದ್ರಿ. ಆಮೇಲೆ ನಾನೇ ಹೇಳ್ಲಿಲ್ಲ."

"ಬೆಳಿಗ್ಗೆ ಎಲ್ಲರ ಮುಂದೆ ಅಷ್ಟೆಲ್ಲ ಅಂದೆ. ಆಗ್ಲಾದ್ರೂ ಹೇಳ್ಬಾರದಿತ್ತಾ?"

"ನಿಮ್ಮನೆಗೆ ಹೋಗಿ ಅಂತ ಅವ್ರನ್ನ ಅಟ್ಟಿದ್ದು ನಾನೇ ಅಕ್ಕ. ಸಂಜೆ ಗೊತ್ತಾದ್ಮೇಲೂ ಸುಮ್ನಿದ್ದೆ."

ಮಹಾಂತಮ್ಮ ಗೋಡೆಗೆ ಒರಗಿದಳು. "ಒಂದು ಕುಡಿದ. ಇನ್ನೊಂದು ಕೊಡ್ಲೇನೋ ಅಂದೆ," ಎಂದಳು. "ಚಿಕ್ಕೋನಿದ್ದಾಗ ನಗ್ತಿದ್ದ ಹಾಗೇ ನಕ್ಕ ಕಣೆ."

ಹೊರಗೆ ಯಾರೋ, "ಆಯ್ತೇನ್ರಮ್ಮಾ?" ಎಂದು ಕೂಗಿದರು.

ಮಹಾಂತಮ್ಮ ಸೆರಗು ಸಿಕ್ಕಿಸಿ, ಚೊಂಬು ಮುಳುಗಿಸಿ ಬಸವರಾಜೇಶ್ವರಿಯ ತಲೆಯ ಮೇಲೆ ಸುರಿದಳು. ಮತ್ತೆ ಮುಳುಗಿಸಿದಳು. ಕೂದಲಿಂದ, ಬೆರಳುಗಳ ಸಂದಿಯಿಂದ ಕೆಂಪು ಮಣ್ಣು ಇಳಿದು ಕಾಲಡಿ ಹರಿಯಿತು. ನೀರು ತಿಳಿಯಾದ ಮೇಲೂ ಸುರಿದಳು. ಬಸವರಾಜೇಶ್ವರಿ ಕಣ್ಣುಮುಚ್ಚಿ ಕೂತೇ ಇದ್ದಳು. ಚೊಂಬು ಹಂಡೆಯ ತಳಕ್ಕೆ ತಾಗಿ ಕರಕರ ಸದ್ದು ಮಾಡಿತು. ಮಹಾಂತಮ್ಮ ಹಂಡೆಯನ್ನೇ ಓರೆ ಮಾಡಿ, ಉಳಿದಷ್ಟು ನೀರನ್ನೂ ಬಳಿದು ಹುಯ್ದಳು.