ಬಾಗುತ್ತೋ, ಮುರಿಯುತ್ತೋ

ಅಂಟುಪಟ್ಟಿಯ ಕೆಳಗೆ ಇನ್ನೊಂದು ಅಂಟುಪಟ್ಟಿ, ಅಂದರೆ ಈ ಡಬ್ಬಿಯನ್ನು ಯಾರೋ ಒಮ್ಮೆ ಬಿಚ್ಚಿ ಮತ್ತೆ ಮುಚ್ಚಿದ್ದಾರೆ, ಯಾರೋ ಯಾಕೆ, ತಂದವರು ಇವರೇ ತಾನೇ, ಬೆಳಿಗ್ಗೆ ಬೆಂಚಿನ ಮೇಲೆ ಇಟ್ಟು ತಗೋ ಅಂದವರು ಹೋಗಿ ಲೇತಿನ ಮುಂದೆ ನಿಂತರು, ಅಷ್ಟೇ, ಗಂಡ ಅನ್ನೋ ಮನುಷ್ಯ, ಎಂದಿನ ಹಾಗೆ ಬೆನ್ನು ಈ ಕಡೆಗೆ — ಅವಳು ಉಗುರಿನಿಂದ ಪಟ್ಟಿ ಎಬ್ಬಿಸಿದಳು, ಎಣ್ಣೆ ಹತ್ತಿದ ಕಾಗದದಲ್ಲಿ ಆರು ಸೀಲು, ಬೆರಳುದ್ದದ ತೆಳ್ಳನೆ ಪಟ್ಟಿಗಳು, ಇಂಜಿನ್ನಿನೊಳಗೆ ಪಿಸ್ಟನ್ನಿನ ಬದಲು ತಿರುಗುವ ಮೂರು ಮೂಲೆಯ ರೋಟರಿನ ಮೂಲೆಗೊಂದರಂತೆ, ರೋಟರು ಎರಡು. ಇಷ್ಟೇ ಇಷ್ಟು ಲೋಹ, ಆದರೆ ಇಂಜಿನ್ನಿನ ಉಸಿರೆಲ್ಲ ಇದರ ಅಂಚಿನಲ್ಲಿ, ರೋಟರು ಕೂರುವ ಗೂಡಿನ ಗೋಡೆಗೆ ಮೈ ಒತ್ತಿ ಉಜ್ಜಿಕೊಂಡೇ ಸುತ್ತಬೇಕು, ಸವೆಯಲಿ, ಸವೆದರೆ ಇಂಜಿನ್ನು ಏದುಸಿರು ಬಿಟ್ಟು ಮುಂಚೆಯೇ ಹೇಳುತ್ತದೆ, ಮುರಿದರೆ ಹೇಳುವುದಿಲ್ಲ, ಹೋದ ವರ್ಷ ಹೇಳಲಿಲ್ಲ. ಗುಡ್ಡದ ರೇಸಿನ ಕೊನೆಯ ತಿರುವು, ತಮ್ಮನ ಕಾರಿನ ಕೂಗು ಕೆಳಗಿನಿಂದ ಏರಿ ಏರಿ ಬಂದು, ಕತ್ತು ಹಿಸುಕಿದ ಹಾಗೆ ಥಟ್ಟನೆ ಇಲ್ಲ, ಆಮೇಲೆ ಹಿಂದಿನ ಕಾರು ಬಂದು ಗುದ್ದಿದ ಸದ್ದು. ಕಾಲಿಗೆ ರಾಡು ಹಾಕಿದರು. ಚಿಕ್ಕಂದಿನಿಂದ ಒಂದು ಕಡೆ ಕೂರದವನು ಅಂತ ಅಮ್ಮ ಬುಗುರಿ ಅಂತಿದ್ದಳು, ಆ ಬುಗುರಿ ಮೂರು ತಿಂಗಳು ಮಲಗಿದಲ್ಲೇ ಮಲಗಿತ್ತು, ಅವಳು ಇಂಜಿನ್ನು ಬಿಚ್ಚಿದಾಗ ಗೂಡಿನ ಒಳಗೋಡೆಯ ಉದ್ದಕ್ಕೂ ಬೆಕ್ಕು ಪರಚಿದ ಹಾಗೆ ಗೀರು, ತಳದಲ್ಲಿ ಸೀಲಿನ ಚೂರು.

ಆ ಸೀಲನ್ನೂ ತಂದವರು ಇವರೇ. ಅವಳು ಹೇಳಿದ್ದು ಮೆತ್ತನೆಯದು ಸಾಕು, ಸವೆದರೂ ಮುರಿಯದ್ದು ತನ್ನಿ ಅಂತ, ಬಂದದ್ದು ಗಾಜಿನಂಥ ಗಟ್ಟಿಯದು, ಅಂಗಡಿಯಲ್ಲಿ ಅದೇ ಇತ್ತಂತೆ, ಜೋಡಿಸು, ಏನಾಗಲ್ಲ. ಏನಾಗಲ್ಲ! ರೇಸಿಗೆ ಮುಂಚೆ ಊಟಕ್ಕೆ ಕೂತಾಗ ಇದೇ ಬಾಯಿ ಹೇಳಿತ್ತಲ್ಲ, ನಿನ್ನ ತಮ್ಮ ಓಡಿಸೋದು ಬಿಟ್ಟರೆ ನೀನೂ ನೆಮ್ಮದಿಯಾಗಿ ನಿದ್ದೆ ಮಾಡ್ತೀಯ, ನಾನೂ ಮಾಡ್ತೀನಿ. ಆಗ ನಕ್ಕಿದ್ದಳು, ಆಸ್ಪತ್ರೆಯ ಕಾರಿಡಾರಿನಲ್ಲಿ ಆ ಮಾತು ಮತ್ತೆ ಬಂದು ಪಕ್ಕದಲ್ಲಿ ಕೂತಾಗ ನಗು ಬರಲಿಲ್ಲ. ಬೇಕೆಂದೇ ತಂದರೇ? ಛೆ, ಅಷ್ಟು ಕೆಟ್ಟವರಲ್ಲ — ಕೆಟ್ಟವರೇ ಆಗಬೇಕೆಂದೇನು, ಇಂಜಿನ್ನು ಕೈಕೊಟ್ಟು ಕಾರು ನಿಂತರೆ ಸಾಕು, ಹುಡುಗ ಬೇಸತ್ತು ಬಿಡುತ್ತಾನೆ ಅಂದುಕೊಂಡಿರಬಹುದಲ್ಲ, ಹಿಂದಿನ ಕಾರನ್ನು ಲೆಕ್ಕಕ್ಕೆ ಹಿಡಿಯದೇ. ಕೇಳಲಿಲ್ಲ. ತಟ್ಟೆ ಇಟ್ಟಳು, ಬಡಿಸಿದಳು, ಮುಖ ತಿರುಗಿಸಿದಳು, ವರ್ಷವಿಡೀ ಹಾಗೆಯೇ, ಅವರೂ ಯಾಕೆ ಅನ್ನಲಿಲ್ಲ, ತಪ್ಪಿಲ್ಲದವರು ಯಾಕೆ ಅಂತ ಕೇಳಬೇಕಲ್ಲವೇ? ಈಗ ತಮ್ಮ ಮತ್ತೆ ಓಡಿಸ್ತೀನಿ ಅನ್ನುತ್ತಿದ್ದಾನೆ, ಡಬ್ಬಿ ಮತ್ತೆ ಇವರ ಕೈಯಿಂದ, ಅಂಟುಪಟ್ಟಿಯ ಮೇಲೆ ಅಂಟುಪಟ್ಟಿ, ಒಳ್ಳೆಯದನ್ನು ತೆಗೆದು ಇನ್ನೊಂದನ್ನು ತುಂಬಿದ್ದರೆ ನೋಟಕ್ಕೆ ಗೊತ್ತಾಗುತ್ತದೆಯೇ, ಎರಡೂ ಬೂದು, ಎರಡೂ ನುಣುಪು.

ಗೊತ್ತಾಗುವ ದಾರಿ ಒಂದೇ, ಮೆತ್ತನೆಯದು ಬಾಗುತ್ತದೆ, ಗಟ್ಟಿಯದು ಮುರಿಯುತ್ತದೆ. ಒಂದು ಸೀಲನ್ನು ಬೆಂಚಿಗೆ ಬಿಗಿದ ವೈಸಿನ ದವಡೆಗೆ ಅರ್ಧ ಕಚ್ಚಿಸಿದಳು, ಸುತ್ತಿಗೆ ಎತ್ತಿದಳು, ಹೊಡೆದರೆ ಆರು ಐದಾಗುತ್ತದೆ, ಐದರಲ್ಲಿ ಇಂಜಿನ್ನು ಆಗಲ್ಲ, ಏನಾಯಿತು ಅಂದರೆ ಏನು ಹೇಳುವುದು, ನಿಮ್ಮ ಮೇಲೆ ನಂಬಿಕೆ ಇರಲಿಲ್ಲ ರೀ ಅನ್ನುವುದೇ — ಮುರಿಯಲಿ, ಮುರಿದರೆ ನಾನೇನೂ ಹೇಳಬೇಕಾಗಿಲ್ಲ, ಅವರೇ ಹೇಳಲಿ, ಮುರಿಯಲಿ ಅಂತ ಆಸೆಯೇ ಪಟ್ಟಳು, ಒಂದು ವರ್ಷದ ಮುನಿಸಿಗೆ ಸಾಕ್ಷಿ ಬೇಕಲ್ಲ. ಹೊಡೆದಳು. ಬಾಗಿತು. ಇನ್ನೊಂದು ಏಟು, ಇನ್ನಷ್ಟು ಬಾಗಿತು, ಬಿರುಕಿಲ್ಲ, ತಲೆ ತಗ್ಗಿಸಿ ನಿಂತವರ ಹಾಗೆ ನಿಂತಿತು.

ಅಯ್ಯೋ ಅಕ್ಕಾ, ಹೊಸದನ್ನೇ ಬಗ್ಗಿಸಿಬಿಟ್ಯಾ, ಬಾಗಿಲಲ್ಲಿ ತಮ್ಮ, ಕಾಲೆಳೆದುಕೊಂಡು ಬರುತ್ತಿದ್ದಾನೆ, ಒಳ್ಳೇದು ಅದು, ನಿನ್ನೆ ನಾನೇ ಡಬ್ಬಿ ಬಿಚ್ಚಿ ನೋಡಿದೆ, ಮತ್ತೆ ಅಂಟಿಸಿಟ್ಟೆ. ನೀನ್ಯಾಕೆ ಬಿಚ್ಚಿದೆಯೋ? ಭಾವ ಯಾವುದು ತಂದ್ರು ಅಂತ, ಹೋದ ಸಲ ಅವರು ತಂದಿದ್ದೂ ಇದೇ ಅಲ್ವಾ, ಭಾವಂಗೆ ಹೇಳಿ ನಾನೇ ಅಂಗಡಿಗೆ ಹೋಗಿ ಗಟ್ಟಿಯದಕ್ಕೆ ಬದಲಾಯಿಸಿಕೊಂಡು ಬಂದಿದ್ದೆ, ಜಾಸ್ತಿ ವೇಗ ತಡ್ಕೊಳ್ಳುತ್ತೆ ಅಂದ್ರು ಅಂಗಡಿಯವರು, ನಿನಗೆ ಭಾವ ಹೇಳಿರ್ತಾರೆ ಅಂದ್ಕೊಂಡಿದ್ದೆ. ನನಗೆ ಯಾರೂ ಹೇಳಲಿಲ್ಲ. ಹೌದಾ? ಅಕ್ಕಂಗೆ ಗೊತ್ತಾದ್ರೆ ನಿನ್ನನ್ನ ಜನ್ಮದಲ್ಲಿ ಕ್ಷಮಿಸಲ್ಲ, ನನ್ನ ಮೇಲೇ ಇರಲಿ ಬಿಡು ಅಂದಿದ್ರು ಭಾವ ಆಸ್ಪತ್ರೆಯಲ್ಲಿ, ಸುಮ್ನೆ ಮಾತಿಗೆ ಅಂದ್ರು ಅಂದ್ಕೊಂಡೆ, ನೀವಿಬ್ರೂ ಚೆನ್ನಾಗೇ ಇದ್ದೀರಲ್ಲ. ಚೆನ್ನಾಗಿದ್ದೇವೆ, ಹೌದು, ತಟ್ಟೆ ಇಡುತ್ತೇನೆ, ಬಡಿಸುತ್ತೇನೆ, ಇವನಿಗೆ ಒಂದು ಬಾರಿಸಬೇಕು, ಕೈ ಏಳುತ್ತಿಲ್ಲ, ಅಷ್ಟು ದೊಡ್ಡ ಅನುಮಾನವನ್ನು ಸಾಕಿ ಬೆಳೆಸಿದ್ದು ಇವನೇ, ಅಲ್ಲ, ಇವನಲ್ಲ —

ಲೇತು ನಿಂತಿದೆ. ಯಾವಾಗ ನಿಂತಿತು? ಬೆನ್ನಿನ ಹಿಂದೆ ಚಪ್ಪಲಿಯ ಸದ್ದು, ಅವರು ವೈಸು ನೋಡಿದರು, ಬಾಗಿದ್ದನ್ನು ನೋಡಿದರು, ಅವಳ ಮುಖ ನೋಡಲಿಲ್ಲ. ರೀ, ಅದು, ನಾನು — ಗೊತ್ತು. ಒಂದು ಹಾಳಾಯ್ತು ರೀ. ಗೊತ್ತಿತ್ತು, ಒಂದನ್ನಾದರೂ ಹೊಡೆದು ನೋಡ್ತೀಯ ಅಂತ. ಅಂಗಿಯ ಜೇಬಿಗೆ ಕೈ ಹಾಕಿದರು, ಬಿಡಿಯಾಗಿ ಸುತ್ತಿಸಿ ತಂದಿದ್ದ ಪುಟ್ಟ ಪೊಟ್ಟಣ ತೆಗೆದು ಬೆಂಚಿನ ಮೇಲೆ ಐದರ ಪಕ್ಕದಲ್ಲಿ ಇಟ್ಟರು, ಅಷ್ಟೇ, ಮತ್ತೆ ಲೇತಿನ ಕಡೆಗೆ ನಡೆದರು. ಏನಾದರೂ ಹೇಳಬೇಕು, ತಮ್ಮ ಏನೋ ಕೇಳುತ್ತಿದ್ದಾನೆ, ಏನು ಕೇಳುತ್ತಿದ್ದಾನೆ, ಅಂಗಡಿಯ ಕಟ್ಟೆಯ ಮುಂದೆ ಅವರು ಆರು ಕೊಡಿ ಅಂದು, ಸ್ವಲ್ಪ ತಡೆದು, ಇನ್ನೂ ಒಂದು ಅಂದಿರಬೇಕು, ಆ ಇನ್ನೂ ಒಂದು, ನನ್ನ ಸುತ್ತಿಗೆಗೆ ಅಂತ ಒಂದು, ಅವಳು ಕಾಗದ ಬಿಡಿಸಿದಳು, ಏಳನೆಯದು, ಜೇಬಿನಲ್ಲಿದ್ದದ್ದಕ್ಕೆ ಇನ್ನೂ ಬೆಚ್ಚಗೆ, ಏಳನೆಯದು, ನೆಟ್ಟಗೆ, ಬೆಚ್ಚಗೆ, ಏಳನೆಯದು —